ಬಾದಾಮಿ ಮರದಡಿ ಸಿಕ್ಕ ಮೆಡಿಕಲ್ ಸೀಟು

ಗೆ,
ಅಧ್ಯಕ್ಷೆಯವರು ಮತ್ತು ಸರ್ವ ಸದಸ್ಯರು,
ಸ್ವಯಂಘೋಷಿತ ವೈದ್ಯಕೀಯ ಪ್ರವೇಶ ಸಮಿತಿ,
ಬಾದಾಮಿ ಮರದ ಬುಡ, ನಮ್ಮ ಶಾಲೆಯ ಅಂಗಳ,
ಅಡ್ಯಾರ್, ಮದ್ರಾಸ್.

ಜುಲೈ ೧೯೮೬

ಮಾನ್ಯರೇ,

ಹನ್ನೆರಡನೇ ತರಗತಿ 'ಬಿ' ವಿಭಾಗದಲ್ಲಿ ಮೊನ್ನೆಮೊನ್ನೆಯವರೆಗೆ ನನ್ನ ಪಕ್ಕದಲ್ಲೇ ಕುಳಿತು, ನನ್ನ ಡಬ್ಬಿಯ ನೀರುದೋಸೆಯನ್ನು ನನಗಿಂತ ಮೊದಲೇ ಮುಗಿಸುತ್ತಿದ್ದ ತಮ್ಮೆಲ್ಲರ ಪಾದಾರವಿಂದಗಳಿಗೆ, ಹೋಟೆಲ್ ಮಧ್ವರಾಜರ ಮಗಳಾದ ವಾಸಂತಿ ಸಾಷ್ಟಾಂಗ ಎರಗಿ ಮಾಡಿಕೊಳ್ಳುವ ವಿಜ್ಞಾಪನೆ ಏನೆಂದರೆ, ಕಳೆದ ವರ್ಷ ತಾವು ನನಗೆ ಕೃಪೆಯಿಟ್ಟು ಮಂಜೂರು ಮಾಡಿದ ಮೆಡಿಕಲ್ ಸೀಟನ್ನು ದಯವಿಟ್ಟು ವಾಪಸು ತೆಗೆದುಕೊಂಡು, ಅದರ ಬದಲಿಗೆ ಬಾದಾಮಿ ಮರದಡಿಯ ಕಲ್ಲುಬೆಂಚಿನ ಮೇಲೆ ಮೊದಲು ನನಗಿದ್ದ ಜಾಗವನ್ನು ಮರಳಿ ಕೊಡಿಸಬೇಕು.

ಇದನ್ನು ನಮ್ಮ ಕನ್ನಡ ಸಂಘದ ಕೈಬರಹ ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಪತ್ರ ಬಹಿರಂಗವೂ ಆಗಬೇಕು, ತಾವು ಯಾರೂ ಓದಲೂ ಬಾರದು ಎಂದರೆ ಈ ಊರಿನಲ್ಲಿ ಕನ್ನಡದಷ್ಟು ಭದ್ರವಾದ ಬೀರು ಇನ್ನೊಂದಿಲ್ಲ. ತಮ್ಮ ಪೈಕಿ ಕನ್ನಡದ ಮನೆಯವಳೆಂದರೆ ವಿನೋದಾ ಒಬ್ಬಳೇ, ಅವಳೂ ನಮ್ಮ ಹೋಟೆಲಿನ ಬೋರ್ಡನ್ನು ಓದಿ ಮುಗಿಸುವಷ್ಟರಲ್ಲಿ ದೋಸೆ ಆರಿರುತ್ತದೆ. ಆದ್ದರಿಂದ ಧೈರ್ಯವಾಗಿ ಬರೆಯುತ್ತೇನೆ.

ಈ ಮಹಾನಗರದಲ್ಲಿ ಮೆಡಿಕಲ್ ಸೀಟು ಹಂಚುವವರು ಎರಡು ಕಡೆ ಇದ್ದಾರೆ. ಒಬ್ಬರು ಕೀಲ್ಪಾಕ್ ಮೆಡಿಕಲ್ ಕಾಲೇಜಿನ ಕಡೆಯ ಸರ್ಕಾರಿ ಆಯ್ಕೆ ಸಮಿತಿಯವರು. ಅವರು ಪಾಪ, ಮಾರ್ಕ್ಸು, ಎಂಟ್ರೆನ್ಸು, ಅಟೆಸ್ಟೆಡ್ ಕಾಪಿ ಎಂದು ಏನೇನೋ ಕೇಳುತ್ತಾರೆ. ಇನ್ನೊಬ್ಬರು ತಾವು. ತಮ್ಮ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ಕ್ವಾರ್ಟರ್ಲಿ ಪರೀಕ್ಷೆಯ ಫಲಿತಾಂಶ ಬಂದ ಮಧ್ಯಾಹ್ನವೇ, ನನ್ನ ಎಣ್ಣೆ ಹಚ್ಚಿದ ಎರಡು ಜಡೆಯನ್ನೂ ದಪ್ಪ ಕನ್ನಡಕವನ್ನೂ ಮಾತ್ರ ದಾಖಲೆಯಾಗಿ ಸ್ವೀಕರಿಸಿ, ಒಂದೇ ಸಭೆಯಲ್ಲಿ ನನ್ನನ್ನು 'ಡಾಕ್ಟರ್' ಎಂದು ಘೋಷಿಸಿಬಿಟ್ಟಿರಿ. ಅಧ್ಯಕ್ಷೆ ಕಲಾವತಿಯವರು ತಮ್ಮ ಸೋದರತ್ತೆಯ ಮನೆ ಕೀಲ್ಪಾಕ್‌ನಲ್ಲಿರುವುದರಿಂದ ನಾನು ಅಲ್ಲಿನ ಕಾಲೇಜಿಗೇ ಸೇರತಕ್ಕದ್ದೆಂದೂ, ಅತ್ತೆಯವರ ಮಂಡಿನೋವಿಗೆ ಅದರಿಂದ ಅನುಕೂಲವೆಂದೂ ಷರಾ ಸೇರಿಸಿದರು. ಅಭ್ಯರ್ಥಿಯ ಒಪ್ಪಿಗೆ ಕೇಳುವಂಥ ಕ್ಷುಲ್ಲಕ ಪದ್ಧತಿ ತಮ್ಮಲ್ಲಿಲ್ಲ.

ಅಂದಿನಿಂದ ನನಗೆ ದೊರೆತ ಮರ್ಯಾದೆಯನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಆವರೆಗೆ ನನ್ನನ್ನು ಪ್ರೀತಿಯಿಂದ 'ಸೋಡಾಬುಡ್ಡಿ' ಎಂದು ಕೂಗುತ್ತಿದ್ದವರು ಆ ಹೆಸರನ್ನೇ ರದ್ದು ಮಾಡಿದಿರಿ. ಥ್ರೋಬಾಲ್ ಆಟಕ್ಕೆ ಬಂದರೆ, ಆಪರೇಷನ್ ಮಾಡುವ ಬೆರಳು ಉಳುಕೀತೆಂದು ಗೆರೆಯಾಚೆ ಕೂರಿಸಿದಿರಿ. ಊಟದ ಬಿಡುವಿನಲ್ಲಿ ಒಬ್ಬೊಬ್ಬರಾಗಿ ನಾಲಗೆ ಚಾಚಿ ತೋರಿಸಿದಿರಿ, ಮೊಡವೆ ತೋರಿಸಿದಿರಿ, ಮನೆಯಲ್ಲಿ ಯಾರಿಗೋ ಬಂದ ಎದೆಯುರಿಯ ವರ್ಣನೆ ಮಾಡಿದಿರಿ. ಪರೀಕ್ಷೆಯ ಬೆಳಿಗ್ಗೆ ಪಿಳ್ಳೆಯಾರ್ ಗಣಪನ ಪಾದಕ್ಕೆ ಮುಟ್ಟಿಸಿ ತಂದ ಪೆನ್ನುಗಳನ್ನು ಅಷ್ಟಕ್ಕೇ ಬಿಡದೆ ನನ್ನ ಪೆನ್ನಿಗೂ ಮುಟ್ಟಿಸಿದಿರಿ. ಪಿಳ್ಳೆಯಾರಪ್ಪ ಏನೆಂದುಕೊಂಡನೋ ಗೊತ್ತಿಲ್ಲ, ನನಗಂತೂ ಹೆದರಿಕೆಯಾಯಿತು. ಬೇರೆಯವರಿಗೆ ಕಡಿಮೆ ಅಂಕ ಬಂದರೆ ಅದು ಕಡಿಮೆ ಅಂಕ ಅಷ್ಟೇ. ನನಗೆ ಕಡಿಮೆ ಬಂದರೆ ಅದು ಇಡೀ ಮರಕ್ಕೆ ಮಾಡಿದ ಮೋಸ ಎಂಬಂತಾಗಿತ್ತು.

ಇನ್ನು ವರ್ಷದ ಕೊನೆಯ ಫಿಸಿಕ್ಸ್ ಪರೀಕ್ಷೆಯ ಸಂಗತಿ. ಹಗಲಿರುಳು ಮೂಗಿನ ಮೇಲೆ ಎರಡು ಮಸೂರಗಳನ್ನು ಹೊತ್ತು ತಿರುಗುವ ನಾನು ಮಸೂರದ ಲೆಕ್ಕದಲ್ಲೇ ಮುಗ್ಗರಿಸಿದೆ. ಬೆಳಕು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದೆ ಕುಳಿತುಬಿಟ್ಟೆ, ಅದರ ಮುಂದಿನ ಎರಡು ಪ್ರಶ್ನೆಗಳನ್ನೂ ಅರ್ಧಕ್ಕೇ ಬಿಟ್ಟೆ. ಹೊರಗೆ ಬಂದಾಗ ಅಧ್ಯಕ್ಷೆಯವರು ಓಡಿಬಂದು 'ಎಪ್ಪಡಿ ಡೀ ಇರುಂದದು, ಡಾಕ್ಟರ್?' ಎನ್ನುತ್ತ ಪರೀಕ್ಷೆ ಹೇಗಿತ್ತೆಂದು ಕೇಳಿದರು. ನಾನು ಇದ್ದುದನ್ನು ಇದ್ದಂತೆ ಹೇಳಿದೆ: 'ಪರವಾಯಿಲ್ಲೆ.'

ಮಾನ್ಯರೇ, ತಮಿಳಿನ 'ಪರವಾಯಿಲ್ಲೆ'ಗೂ ಕನ್ನಡದ 'ಪರವಾಗಿಲ್ಲ'ಕ್ಕೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಮನೆಯೊಳಗೊಂದು ಭಾಷೆ, ಬೀದಿಯಲ್ಲೊಂದು ಭಾಷೆ ಆಡಿ ನಾಲಗೆ ಸವೆಸಿಕೊಂಡ ನನ್ನಂಥವಳಿಗೆ, ಹೊಸ್ತಿಲು ದಾಟುವಾಗ ಬದಲಿಸಬೇಕಿಲ್ಲದ ಕೆಲವೇ ಮಾತುಗಳಲ್ಲಿ ಅದೊಂದು. ನಮ್ಮ ಹೋಟೆಲಿನಲ್ಲಿ ಆ ಮಾತಿಗೆ ಬಹಳ ಖಚಿತವಾದ ಅರ್ಥವಿದೆ. ಸಾಂಬಾರ್ ಹೇಗಿದೆ ಸಾರ್ ಎಂದು ಕೇಳಿದಾಗ ಬೈದವರು ನಾಳೆಯೂ ಬರುತ್ತಾರೆ, ಹೊಗಳಿದವರು ಖಂಡಿತ ಬರುತ್ತಾರೆ. 'ಪರವಾಗಿಲ್ಲ' ಎಂದು ಕೈತೊಳೆಯಲು ಎದ್ದವರು ಮಾತ್ರ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಅದಕ್ಕೇ ಆ ಮಾತು ಕಿವಿಗೆ ಬಿದ್ದರೆ ನಮ್ಮ ತಂದೆಯವರು ಗಲ್ಲಾ ಬಿಟ್ಟೆದ್ದು ಅಡುಗೆಮನೆಗೆ ಹೋಗಿ ಸೌಟು ನೆಕ್ಕಿ ನೋಡುತ್ತಾರೆ.

ಆದರೆ ತಮ್ಮ ಸಮಿತಿಯ ನಿಘಂಟೇ ಬೇರೆ. ಚೆನ್ನಾಗಿ ಓದುವ ಹುಡುಗಿ 'ಪರವಾಗಿಲ್ಲ' ಎಂದರೆ ಅದು ವಿನಯ, ವಿನಯವೆಂದರೆ ಸೆಂಟಮ್, ಅಂದರೆ ಒಂದು ಅಂಕವೂ ಬಿಡದೆ ಪೂರ್ತಿ! ಕಷ್ಟವಾಯಿತು ಎಂದಿದ್ದರೆ ಇನ್ನೂ ದೊಡ್ಡ ವಿನಯವಾಗುತ್ತಿತ್ತೇನೋ. ಅಂದು ಸಂಜೆಯೇ ತಾವು ಗುಂಪಾಗಿ ನಮ್ಮ ಹೋಟೆಲಿಗೆ ನುಗ್ಗಿ, ತಿಂಡಿಯ ಹೊತ್ತಿನ ಗಿರಾಕಿಗಳೆಲ್ಲ ತಿರುಗಿ ನೋಡುವಂತೆ 'ಅಂಕಲ್, ಫಿಸಿಕ್ಸ್ ಸೆಂಟಮ್!' ಎಂದು ಸಾರಿದಿರಿ. ತಂದೆಯವರು ನನ್ನ ಕಡೆ ತಿರುಗಿ, 'ನೀ ಎಂತ ಹೇಳಿದ್ದು ಮಗಾ?' ಎಂದು ಕೇಳಿದರು. 'ಪರವಾಗಿಲ್ಲ ಹೇಳಿದ್ದು' ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಒಳಗಿದ್ದ ಅಡುಗೆಯ ಶೀನಣ್ಣನಿಗೆ, ಇವತ್ತು ಬಂದವರಿಗೆಲ್ಲ ಕೇಸರಿ ಕೊಡು ಎಂದು ಕೂಗಿ ಹೇಳಿದರು. ಬಿಸಿ ಕೇಸರಿಯನ್ನು ಬಾಯಿಗಿಟ್ಟುಕೊಂಡು ಕುಣಿಯುತ್ತಿದ್ದ ತಮ್ಮ ನಡುವೆ ನಾನು ಮಸೂರದ ಲೆಕ್ಕವನ್ನು ನುಂಗಿಕೊಂಡು ಕುಳಿತಿದ್ದೆ.

ಅಷ್ಟಕ್ಕೇ ತೃಪ್ತರಾಗದೆ ಬೀಳ್ಕೊಡುಗೆಯ ದಿನ ಒಂದು ಬಿಳಿ ಕೋಟನ್ನೂ ಹೊಲಿಸಿ ತಂದಿರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆ ತಮಿಳಿನಲ್ಲಿಲ್ಲವೇ ಎಂದು ವಿನೋದಾಳನ್ನು ಕೇಳಿದೆ. ಅವಳು 'ತೆರಿಯಲೆಯೇ', ಗೊತ್ತಿಲ್ಲವಲ್ಲ, ಎಂದು ಕೈ ಚೆಲ್ಲಿದಳು. ಜೇಬಿನ ಮೇಲೆ ಕೆಂಪು ದಾರದಲ್ಲಿ 'ಡಾ. ವಾಸಂತಿ' ಎಂದು ಕಸೂತಿ ಹಾಕಿದವರು ಅಧ್ಯಕ್ಷೆಯವರೇ ಅಂತೆ. ಕಸೂತಿ ಬಹಳ ಚೆನ್ನಾಗಿತ್ತು. ಕೋಟು ನನಗೆ ಅಳತೆ ತೆಗೆದಂತೆ ಸರಿಯಾಗಿ ಕೂತಿತು, ಅದೇ ಕಷ್ಟವಾಯಿತು.

ಮೆಡಿಕಲ್‌ಗೆ ಆಯ್ಕೆಯಾದವರ ಪಟ್ಟಿ ಅಂಟಿಸಿದ ದಿನ ಸಮಿತಿಯ ಪೂರ್ಣ ಸದಸ್ಯಬಲ ಬಸ್ಸು ಹತ್ತಿ ನನ್ನೊಡನೆ ಕೀಲ್ಪಾಕ್‌ಗೆ ಬಂತು. ನಾನೊಬ್ಬಳೇ ಹೋಗುತ್ತೇನೆಂದು ಕೈಮುಗಿದು ಕೇಳಿದೆ. ಮಾತನಾಡಬೇಡ ಎಂದು ಕಿಟಕಿಯ ಪಕ್ಕ ಕೂರಿಸಿದಿರಿ. ಅಲ್ಲಿ ನನ್ನ ಹೆಸರಿರಲಿಲ್ಲ. ಅಧ್ಯಕ್ಷೆಯವರು ಪಟ್ಟಿಯನ್ನು ಮೇಲಿನಿಂದ ಓದಿದರು, ಕೆಳಗಿನಿಂದ ಓದಿದರು, ಕೊನೆಗೆ ಬಾಗಿಲಲ್ಲಿದ್ದ ಪ್ಯೂನನ ಬಳಿ ಹೋಗಿ, 'ಒರು ಪೇರು ವಿಟ್ಟುಪ್ಪೋಚ್ಚು ಸಾರ್, ಟೈಪಿಸ್ಟೈ ಕೂಪ್ಪಿಡುಂಗ' ಎಂದು ಜಗಳಕ್ಕೇ ನಿಂತರು. ಹೆಸರೊಂದು ಬಿಟ್ಟುಹೋಗಿದೆ, ಟೈಪಿಸ್ಟನ್ನು ಕರೆಯಿರಿ ಎಂದು ಸರ್ಕಾರವನ್ನೇ ದಬಾಯಿಸಿದ ಆ ಧೈರ್ಯಕ್ಕೆ ಶರಣು. ನನ್ನ ಬಾಯಿಂದ ಮಾತ್ರ 'ಬಿಡಿ, ಅವರು ಬಿಟ್ಟಿದ್ದಲ್ಲ, ನಾನು ಬಿಟ್ಟದ್ದು' ಎಂಬ ಮಾತು ಹೊರಡಲಿಲ್ಲ.

ಆ ಸಂಜೆ ತಂದೆಯವರು ಗೋಡೆಯ ಮೊಳೆಯಿಂದ ಕೋಟನ್ನು ತೆಗೆದು ಮಡಚುತ್ತ ಹೇಳಿದರು: 'ನೀ ಪರವಾಗಿಲ್ಲ ಹೇಳಿದ ದಿನವೇ ನಂಗೆ ಗೊತ್ತಾಯ್ತು ಮಗಾ. ಹೋಟ್ಲಿನವನಿಗೆ ಆ ಮಾತು ಅರ್ಥ ಆಗುದಿಲ್ವಾ?' ಹಾಗಾದರೆ ಕೇಸರಿ ಯಾಕೆ ಹಂಚಿದ್ದು ಎಂದು ಕೇಳಿದೆ. 'ಮಕ್ಕಳು ಅಷ್ಟು ಖುಷಿಯಲ್ಲಿ ಬಂದದ್ದಲ್ವಾ. ಮತ್ತೆ ನೀ ಮಧ್ಯಾಹ್ನದಿಂದ ಎಂತ ಸಹ ತಿನ್ಲಿಲ್ಲ. ಹಾಗಾದ್ರೂ ಒಂದು ತುತ್ತು ತಿಂತಿ ಅಂತ' ಎಂದರು. ಸೀಟು ಸಿಗದಿದ್ದಾಗ ಬಾರದಿದ್ದ ಅಳು ನನಗೆ ಆಗ ಬಂತು.

ಈಗ ದೂರಿನ ಮುಖ್ಯಾಂಶಕ್ಕೆ ಬರುತ್ತೇನೆ. ಸೀಟು ಹೋದದ್ದು ನನ್ನ ದೂರಲ್ಲ. ಅದನ್ನು ನಾನೇ ಕಳೆದುಕೊಂಡೆ, ಪ್ರಾಣಿಶಾಸ್ತ್ರದ ಬಿ.ಎಸ್ಸಿ.ಗೆ ಸೇರಿದ್ದೇನೆ, ಅಲ್ಲಿನ ಜಿರಳೆಗಳು ನನ್ನಿಂದ ಏನನ್ನೂ ನಿರೀಕ್ಷಿಸುತ್ತಿಲ್ಲ. ನನ್ನ ದೂರು ತಮ್ಮ ಮೌನದ ಬಗ್ಗೆ. ಪಟ್ಟಿ ಬಂದಂದಿನಿಂದ ತಾವು ಯಾರೂ ಹೋಟೆಲಿಗೆ ಕಾಲಿಟ್ಟಿಲ್ಲ. ಒಬ್ಬಳು ನನ್ನನ್ನು ಕಂಡು ರಸ್ತೆಯ ಆಚೆ ಬದಿಗೆ ದಾಟಿದಳು, ಇನ್ನೊಬ್ಬಳು ಬಸ್ಸಿನಲ್ಲಿ ನನ್ನನ್ನು ನೋಡಿ ಸಾವಿನ ಮನೆಗೆ ಬಂದವಳಂತೆ ತಲೆ ತಗ್ಗಿಸಿದಳು. ಅಟ್ಟಕ್ಕೆ ಹತ್ತಿಸಿದವರೂ ನೀವೇ, ಏಣಿ ತೆಗೆದುಕೊಂಡು ಹೋದವರೂ ನೀವೇ! ಅಲ್ಲ ಕಲಾವತೀ, ನಿನಗೆ ಏನು ಬಂದಿದೆ ದೊಡ್ಡ ರೋಗ? ಸೀಟು ಹೋದರೆ ನಾನೂ ಹೋದೆನೇನೇ? ಕ್ಷಮಿಸಬೇಕು, ಅಧ್ಯಕ್ಷೆಯವರ ಬಗ್ಗೆ ಏಕವಚನ ಬಂದುಹೋಯಿತು.

ಆದಕಾರಣ ಸಮಿತಿಯು ತುರ್ತು ಸಭೆ ಸೇರಿ ನನ್ನ ಸೀಟನ್ನು ವಿಧ್ಯುಕ್ತವಾಗಿ ರದ್ದುಗೊಳಿಸಿ ಬೇರೆ ಯಾವ ಹೆಣ್ಣುಮಗಳಿಗೂ ಅದನ್ನು ಹಂಚದೆ ಬಾದಾಮಿ ಮರದ ಬುಡದಲ್ಲೇ ಹೂಳಬೇಕು. ಕೆಂಪು ಕಸೂತಿಯನ್ನು ಹೊಲಿದ ಕೈಯಿಂದಲೇ ಬಿಚ್ಚಿಸಬೇಕು. ನಾನು ಥ್ರೋಬಾಲ್ ಆಡಿ ಸೋತು, ಬೆರಳು ಉಳುಕಿಸಿಕೊಂಡು, ನಿಮ್ಮೆಲ್ಲರಿಂದ ಬೈಗುಳ ತಿನ್ನುವ ನನ್ನ ಹಕ್ಕನ್ನು ಎತ್ತಿಹಿಡಿಯಬೇಕು. ಮುಂದೆ ಯಾವ ಹುಡುಗಿಯಾದರೂ 'ಪರವಾಗಿಲ್ಲ' ಎಂದರೆ, ಅವಳು ಎಷ್ಟೇ ದಪ್ಪ ಕನ್ನಡಕ ಹಾಕಿದ್ದರೂ, ಅದಕ್ಕೆ 'ಪರವಾಗಿಲ್ಲ' ಎಂದೇ ಅರ್ಥ ಮಾಡತಕ್ಕದ್ದೆಂದು ಠರಾವು ಪಾಸು ಮಾಡಬೇಕು.

ಇಷ್ಟು ಬರೆದು ಸಹಿ ಹಾಕಬೇಕೆನ್ನುವಷ್ಟರಲ್ಲಿ, ನಿನ್ನೆ ಸಂಜೆ ಅಧ್ಯಕ್ಷೆಯವರೇ ಖುದ್ದಾಗಿ ಹೋಟೆಲಿಗೆ ಬಂದರು. ಒಬ್ಬರೇ ಬಂದರು. ಮೂಲೆಯ ಮೇಜಿನಲ್ಲಿ ಕುಳಿತು ಇಡ್ಲಿ ತರಿಸಿಕೊಂಡು, ಅದನ್ನು ಸಾಂಬಾರಿನಲ್ಲಿ ಮುಳುಗಿಸಿದರು, ಎತ್ತಿದರು, ಮತ್ತೆ ಮುಳುಗಿಸಿದರು, ತಿನ್ನಲಿಲ್ಲ. ನಾನು ಎದುರಿಗೆ ಕುಳಿತೆ. ಕೊನೆಗೆ ತಟ್ಟೆಯನ್ನೇ ನೋಡುತ್ತ, ನನ್ನ ಕೈ ಹಿಡಿದು, ಸಮಾಧಾನ ಹೇಳುವಂತೆ 'ಪರವಾಯಿಲ್ಲೆ ಡೀ' ಎಂದರು.

ಗಲ್ಲಾದಲ್ಲಿದ್ದ ತಂದೆಯವರ ಕಿವಿಗೆ ಅದು ಬಿತ್ತು. ಮೈಮೇಲೆ ಬೆಂಕಿ ಬಿದ್ದವರಂತೆ ಎದ್ದು ನಿಂತು, 'ಶೀನಾ! ಆ ಸಾಂಬಾರ್ ಬಕೆಟ್ ಒಳಗೆ ತಕೊಂಡು ಹೋಗು ಮಾರಾಯ! ಮಕ್ಕಳು ಪರವಾಗಿಲ್ಲ ಹೇಳ್ತಾ ಇದ್ದಾರೆ!' ಎಂದು ಕೂಗಿದರು. ಶೀನಣ್ಣ ಓಡಿಬಂದು ಕಲಾವತಿಯ ಮುಂದಿನ ತಟ್ಟೆಯನ್ನೇ ಎತ್ತಿಕೊಂಡು ಹೋದರು. ಅವಳು ಕಣ್ಣೀರು ಒರೆಸಿಕೊಳ್ಳುತ್ತ ಏನಾಯಿತೆಂದು ತಿಳಿಯದೆ ನನ್ನ ಮುಖ ನೋಡಿದಳು. ನಾನು ನಗಲು ಶುರುಮಾಡಿದೆ, ಅವಳೂ ನಕ್ಕಳು, 'ಏನ್ ಡೀ ಸಿರಿಕ್ಕಿರೇ, ಸೋಡಾಬುಡ್ಡಿ?' ಎಂದು ಬೆನ್ನಿಗೆ ಗುದ್ದಿದಳು. ಯಾಕೆ ನಗುತ್ತೀಯೆ ಎಂದು ಕೇಳಿದ್ದಷ್ಟೇ. ನನಗೆ ಮಾತ್ರ ಕಳೆದುಹೋದ ಹೆಸರು ಸಿಕ್ಕಿತ್ತು. ಹೀಗಾಗಿ ಮೇಲಿನ ದೂರಿನಲ್ಲಿ ಅರ್ಧವನ್ನು ಹಿಂತೆಗೆದುಕೊಂಡಿದ್ದೇನೆ. ಉಳಿದ ಅರ್ಧ ಬಾಕಿ ಸದಸ್ಯರು ಇಡ್ಲಿ ತಿನ್ನಲು ಬರುವವರೆಗೆ ಜಾರಿಯಲ್ಲಿರುತ್ತದೆ.

ಕಲ್ಲುಬೆಂಚಿನ ಜಾಗಕ್ಕಾಗಿ ಕಾದಿರುವ,
ತಮ್ಮ ವಿಶ್ವಾಸಿ,
ಸೋಡಾಬುಡ್ಡಿ

ತಾ.ಕ.: ಸಾಂಬಾರಿನ ನಿಜ ಸಂಗತಿಯನ್ನು ತಂದೆಯವರಿಗೆ ಇನ್ನೂ ಹೇಳಿಲ್ಲ, ನಿನ್ನೆಯಿಂದ ಸಾಂಬಾರ್ ಬಹಳ ಚೆನ್ನಾಗಿದೆ. ಹೊರಡುವಾಗ ಅಧ್ಯಕ್ಷೆಯವರು ಬಾಗಿಲಲ್ಲಿ ನಿಂತು, 'ಡಾಕ್ಟರ್ ಪೋನಾ ಪೋಗಟ್ಟುಂ ಅಂಕಲ್, ಇವ ಕಲೆಕ್ಟರ್ ಆಯಿಡುವಾ!' ಎಂದು ಎಲ್ಲ ಗಿರಾಕಿಗಳಿಗೂ ಕೇಳುವಂತೆ ಸಾರಿ, ಡಾಕ್ಟರ್ ಹೋದರೆ ಹೋಗಲಿ, ಇವಳು ಕಲೆಕ್ಟರ್ ಆಗುತ್ತಾಳೆಂದು ಹೊಸ ಸೀಟು ಮಂಜೂರು ಮಾಡಿ ಹೋಗಿದ್ದಾರೆ. ಕೀಲ್ಪಾಕ್ ಅತ್ತೆಯವರ ಬೀದಿಯ ಚರಂಡಿ ರಿಪೇರಿಯ ಅರ್ಜಿಯೂ ಬಾಯಿಮಾತಿನಲ್ಲಿ ತಲುಪಿದೆ. ಅತ್ತೆಯವರು ಅಲ್ಲಿಯವರೆಗೆ ಮಂಡಿ ನೋಡಿಕೊಂಡು ನಡೆಯತಕ್ಕದ್ದು.