ಹಾದಿ ಮಾಡಿದ್ದು ನಡಿಯಾಕ

ನಾ ಸುಮ್ಮ ಕುಂತ್ರೂ ಏನರೆ ಒಂದು ಆಗತಾದ. ಎದ್ದು ನಿಂತ್ರ ಎರಡು ಆಗತಾವ. ನಮ್ಮ ಕಾಲೇಜಿನ ಬಯಲು ಚೆಂದ ಮಾಡಾಕ ಹೋದಾಗಂತೂ ಮೂರು ಆದವು.

ನಮ್ಮ ಸೀಮಿ ಮೈಸೂರು ರಾಜ್ಯಕ್ಕ ಕೂಡಿದ ಹೊಸದರಾಗ ಶಹಾಪುರದ ನಮ್ಮ ಕಾಲೇಜಿಗಿ ಆ ಕಡಿಂದ ಹೊಸ ಪ್ರಿನ್ಸಿಪಾಲರು ಬಂದ್ರು. ಅದೇ ಕಂಪೌಂಡಿನ್ಯಾಗ ಅವರ ಕೈಕೆಳಗೇ ಹೈಸ್ಕೂಲೂ ಇತ್ತು. ನಾನು ಅಲ್ಲಿನ ಗಿರಾಕಿ. ಗಣಿತದ ಮಾಸ್ತರ ಕುರ್ಚಿಗಿ ಆಡಿನ ಮರಿ ಕಟ್ಟಿ, ಅದರ ತಲಿಗಿ ಅವರದೇ ರುಮಾಲು ಸುತ್ತಿದ್ದಕ್ಕ ನನ್ನ ಹೆಸರು ಕಡದು ಹೊರಗ ಹಾಕಿದ್ರು. "ನಾಳಿಂದ ಕುರಿ ಕಾಯಾಕ ನಡಿ" ಅಂದ ಅಪ್ಪ. ಕುರಿ ಕಾಯೂದಕ್ಕ ನನ್ನ ತಕರಾರಿಲ್ಲ. ಆದ್ರ ಕುರಿ ನಗಂಗಿಲ್ಲ. ಬೆಳಗಿಂದ ಸಂಜಿತನಕ ಜೋಕು ಹೇಳಿದ್ರೂ ಮುಖ ತಿರುವಿ ಮೇಯತಾವ. ನನ್ನಂಥವ ಹ್ಯಾಂಗ ಬದುಕಬೇಕು?

ಓಡಿ ಹೋಗಿ ಪ್ರಿನ್ಸಿಪಾಲರ ಕಾಲು ಹಿಡದೆ. ಅವರು ಕಿಟಕಿಯಾಚಿನ ಜಾಲಿಮುಳ್ಳು ನೋಡಿ, "ಮೇಲಿನ ಸಾಹೇಬರು ಬರ್ತಾರಪ್ಪ. ಅಷ್ಟರೊಳಗೆ ಇಲ್ಲಿ ಜನ ಆರಾಮಾಗಿ ನಡೀಬೇಕು, ನೆರಳಲ್ಲಿ ಕೂರಬೇಕು. ಆಳುಗಳ ಜೊತೆ ನಿಂತು ಮಾಡಿಸು. ಅದಿಷ್ಟು ಆದ್ರೆ ನಿನ್ನ ಹೆಸರು ಮತ್ತೆ ಹಾಜರಿಗೆ" ಅಂದ್ರು.

೧. ಸುಣ್ಣದ ಗೆರಿ

ಮುಳ್ಳು ಕಡಿಸಿ, ಗೇಟಿನಿಂದ ಬಾಗಲತನಕ ಸುಣ್ಣದಾಗ ಎರಡು ಗೆರಿ ಎಳಸಿದೆ. ನಡುವಿನದು ಹಾದಿ. ಮರುದಿನ ಮಗನ್ನ ಸೇರಿಸಾಕ ಬಂದ ಗೌಡ ಗೇಟಿನ್ಯಾಗೇ ನಿಂತುಬಿಟ್ಟ.

"ಒಳಗ ಬರ್ರಿ, ಗೌಡ್ರ."

"ಸರ್ವೇ ಆಗ್ಯಾದೇನಲೇ? ಸುಣ್ಣ ಹಾಕಿದ ಜಾಗಾದಾಗ ಕಾಲಿಟ್ರ ನಾಳಿ ಕಚೇರಿಯವರು ನನ್ನ ಮ್ಯಾಲೆ ಬರತಾರ."

ಅವನ ಹಿಂದ ಇನ್ನೂ ಮಂದಿ ನಿಂತಿದ್ರು. ನನ್ನ ನಾಲಿಗಿ ಸುಮ್ಮ ಇರಬೇಕಲ್ಲ? "ಸರ್ವೇ ಹೌದ್ರಿ. ಯಾರು ಜಾಸ್ತಿ ತುಳಿತಾರೋ ಅವರ ಹೆಸರಿಗಿ ಪಟ್ಟಾ!"

ಸಂಜಿಗಿ ಇಡೀ ಓಣಿ ತುಳದು ಹೋಗಿತ್ತು. ಹಾದಿ ಗಟ್ಟಿಯಾತು. ಗೌಡ ಮಾತ್ರ ಒಂದು ವಾರ ಪ್ರಿನ್ಸಿಪಾಲರ ಬಾಗಲಾಗ ಕುಂತು, "ನನ್ನ ಪಟ್ಟಾ ಎಲ್ಲಿ?" ಅಂತ ಕೇಳಾಕತ್ತಿದ್ದ.

೨. ಕುಂದ್ರೂ ಹೆದರಿಕಿ

ಬೇವಿನ ಗಿಡದ ಬುಡಕ್ಕ ಕಲ್ಲಿನ ಬೆಂಚು ಹಾಕಿಸಿದ್ವಿ. ಹುಡುಗರೆಲ್ಲ ಬೆಂಚಿಗಿ ಬೆನ್ನು ಹಚ್ಚಿ ನೆಲದ ಮ್ಯಾಲೆ ಕುಂತ್ರು.

"ಇದೇನಪ್ಪಾ, ಬೆಂಚಿದ್ರೂ ನೆಲದ ಮೇಲೆ?" ಅಂತ ಪ್ರಿನ್ಸಿಪಾಲರು ಕೇಳಿದ್ರು.

ಒಬ್ಬ ಹುಡುಗ ಅಂದ: "ನಿಮ್ಮ ಕಿಟಕಿ ಎದುರಿಗೇ ಅದಲ್ರಿ ಸಾಹೇಬ್ರ. ನಿಜಾಮರ ಕಾಲದಾಗ ನಮ್ಮಪ್ಪ ಸಾಹೇಬರ ಎದುರು ಎತ್ತರಕ್ಕ ಕುಂತು ಕಪಾಳಕ್ಕ ತಿಂದಾನ್ರಿ."

"ಆ ಕಾಲ ಹೋಯ್ತು. ಈಗ ಎಲ್ಲರೂ ಸಮ!" ಅಂತ ಪ್ರಿನ್ಸಿಪಾಲರು ತಾವೇ ಬಂದು ಬೆಂಚಿನ ಮ್ಯಾಲೆ ಕುಂತು ತೋರಿಸಿದ್ರು. ನೆಲದ ಮ್ಯಾಲೆ ಕುಂತವರೆಲ್ಲ ದಡಬಡ ಎದ್ದು ಕೈ ಕಟ್ಟಿ ನಿಂತ್ರು. ಅವರು "ಕೂರಿ, ಕೂರಿ" ಅಂದಂಗ ಸಾಲು ಇನ್ನಷ್ಟು ನೆಟ್ಟಗಾತು.

ನಾ ಅವರ ಕಿವಿಯಾಗ ಹೇಳಿದೆ: "ಸಾಹೇಬ್ರ, ನೀವ ನೆಲದ ಮ್ಯಾಲೆ ಕುಂದ್ರಿ, ಅವರೂ ಕುಂದರತಾರ." ಪಾಪ, ಕುಂತ್ರು. ಹುಡುಗರು ಅದಕ್ಕಿಂತ ಕೆಳಗ ಎಲ್ಲಿ ಕುಂದ್ರೂದು ಅಂತ ನೆಲ ನೋಡಾಕತ್ರು.

೩. ಫರಸಿ

ಮಳಿ ಬಂದ್ರ ಎರಿ ಮಣ್ಣು ಚಪ್ಪಲಿ ನುಂಗತಾದ ಅಂತ ಹಾದಿಗುಂಟ ಫರಸಿ ಹಾಸಿಸಿದ್ವಿ. ಕನ್ನಡಿಯಂಥ ಕಲ್ಲು. ಸಾಹೇಬರು ಬರೂ ದಿನ ಬಂದು ನೋಡತೀನಿ, ಕಲ್ಲೇ ಕಾಣವಲ್ಲದು! ಈ ತುದಿಯಿಂದ ಆ ತುದಿತನಕ ಶ್ಯಾವಿಗಿ, ಸಂಡಿಗಿ, ತೊಗರಿಬ್ಯಾಳಿ. ಓಣಿಯ ಹೆಣ್ಮಕ್ಕಳೆಲ್ಲ ಒಣಗಾಕ ಹಾಕ್ಯಾರ. ಬೆಂಚಿನ ಮ್ಯಾಲೆ, ಕೈಯಾಗ ಕೋಲು ಹಿಡದು, ನಮ್ಮ ಆಯಿ, ಅಪ್ಪನ ಅವ್ವ, ಕುಂತಾಳ!

"ಆಯಿ, ಇದು ನಡಿಯೂ ಹಾದಿ!"

"ಯಾರು ಬ್ಯಾಡ ಅಂದಾರ? ಅಂಚಿಗುಂಟ ನಡಿ. ಇಷ್ಟು ಚೆಂದ ಕಲ್ಲು ಹಾಸಿ ಬರೇ ತುಳದು ಹಾಳು ಮಾಡತಾರೇನಲೇ, ಮೂಳಾ?"

ಶ್ಯಾವಿಗಿ ಜೋಡಿ ನನ್ನ ಹೆಸರೂ ಒಣಗಿತು ಅಂದುಕೊಂಡೆ. ಅಷ್ಟರಾಗ ಜೀಪು ಬಂತು. ಮ್ಯಾಲಿನ ಸಾಹೇಬರು ಇಳದು ಹಾದಿಗಿ ಕಾಲೆತ್ತಿದ್ರೋ ಇಲ್ಲೋ, ಆಯಿ ಕೋಲೆತ್ತಿದಳು: "ಏ ತಮ್ಮಾ! ಬೂಟು ಬಿಚ್ಚು. ಉಣ್ಣೂದು ಅದ!"

ಸಾಹೇಬರು ಬೂಟು ಬಿಚ್ಚಿದ್ರು. ಎರಡೂ ಕೈ ಚಾಚಿ, ದೊಂಬರಾಟದವರಂಗ ಅಂಚಿಗುಂಟ ಬಂದ್ರು. ನಡುದಾರಿಗಿ ಕಾದ ಕಲ್ಲು ಕಾಲು ಸುಟ್ಟು, ಜಿಗಿದು ಓಡಿ ಬಂದು ಆಯಿ ಬಾಜೂಕ ಕುಂತ್ರು. "ಸುಡ್ತೇನೋ ನನ್ನಪ್ಪಾ?" ಅಂತ ಆಯಿ ಹಸಿ ಸಂಡಿಗಿ ಕೈಯಾಗಿಟ್ಟಳು. ಸಾಹೇಬರೇ ಮುದುಕಿ ಜೋಡಿ ಕುಂತದ್ದು ನೋಡಿ ಹುಡುಗರೂ ಒಬ್ಬೊಬ್ಬರೇ ಬೆಂಚು ಹತ್ತಿದ್ರು.

ಸಾಹೇಬರು ಸಂಡಿಗಿ ತಿಂದು ಸುತ್ತ ನೋಡಿದ್ರು. "ಭಾಳ ಕಾಲೇಜು ನೋಡೇನಿ. ಊರು ಒಳಗ ಬಂದು ಕುಂತದ್ದು ಇದೊಂದೇ. ನಡಿಯಾಕ ಬಾಜೂಕ ಇನ್ನೊಂದು ಹಾದಿ ಹಾಸ್ರಿ."

ಹಾಸಿದ್ವಿ. ಮರುದಿನ ಅದರ ಮ್ಯಾಲೆ ಮೆಣಸಿನಕಾಯಿ.

ನನ್ನ ಹೆಸರು ಹಾಜರಿಗಿ ಬಂತು. ಪ್ರಿನ್ಸಿಪಾಲರು ನನ್ನನ್ನ ಕ್ಲಾಸಿನ ಕಿಟಕಿ ಬಾಜೂಕ ಕುಂದ್ರಿಸಿ, ಕೈಯಾಗ ಉದ್ದನ್ನ ಕೋಲು ಕೊಟ್ಟರು: "ಪಾಠ ಕೇಳು. ಕಣ್ಣು ಮಾತ್ರ ಹಾದಿ ಮೇಲಿರಲಿ. ಕಾಗೆ ಒಂದು ಸಂಡಿಗೆ ಒಯ್ದ್ರೂ ನಿಮ್ಮಜ್ಜಿ ಕ್ಲಾಸಿಗೇ ನುಗ್ತಾರೆ."

ಕುರಿ ಕಾಯೂದು ತಪ್ಪಿ ಕಾಗಿ ಕಾಯೂದು ಬಂತು. ಇರಲಿ. ನಾ ಜೋಕು ಹೇಳಿದ್ರ ಕಾಗಿ ಬಾಯಿ ಬಿಟ್ಟು ಒದರತಾವ. ಕುರಿ ಅಷ್ಟೂ ಮಾಡತಿದ್ದಿಲ್ಲ.