ಹಕಾರದ ಹಲ್ಲುನೋವು

ಹಂಸಳಿಗೆ ತನ್ನ ಹೆಸರನ್ನೇ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಇದನ್ನು ಅವಳು ಮನಸ್ಸಿನಲ್ಲಿ ಮಾತ್ರ ಒಪ್ಪಿಕೊಂಡಿದ್ದಳು. ಕೆ.ಆರ್. ಪುರದ ಅವರ ಮನೆಯಲ್ಲಿ ಹಾಲು ಆಲಾಗಿತ್ತು, ಹಬ್ಬ ಅಬ್ಬವಾಗಿತ್ತು, ಅವಳು ಅಂಸ ಆಗಿದ್ದಳು. ಕನ್ನಡ ಬಿ.ಎ. ಮುಗಿಸಿದ್ದರೂ ಹಕಾರ ಅವಳ ಪೆನ್ನಿನವರೆಗೆ ಬರುತ್ತಿತ್ತು. ಬಾಯಿ ತೆರೆದರೆ ಓಡಿಹೋಗುತ್ತಿತ್ತು.

ಸಿಕ್ಕಿದ ಕೆಲಸವೋ, ಹಲಸೂರಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಕೂಗುವುದು! ಇವತ್ತೇ ಮೊದಲ ದಿನ. ಈ ಕೆಲಸ ತಪ್ಪಿದರೆ ಮನೆಯಲ್ಲಿ ಗಂಡು ಹುಡುಕಲು ಶುರುಮಾಡುತ್ತಾರೆ.

ಬಸ್ಸಿನುದ್ದಕ್ಕೂ ‘ಹ, ಹಾ, ಹಿ’ ಎಂದು ಉಸಿರು ಬಿಟ್ಟಳು. ಪಕ್ಕದ ಅಜ್ಜಿ, “ಮೆಣಸಿನ್ಕಾಯಿ ಕಚ್ಚಿದ್ಯೇನಮ್ಮ?” ಎಂದು ನೀರಿನ ಬಾಟಲಿ ಕೊಟ್ಟರು.

ಕ್ಲಿನಿಕ್ಕಿನಲ್ಲಿ ರೋಗಿಯ ಹೆಸರಿದ್ದ ಮೊದಲ ಕಾರ್ಡು ಕೈಗೆ ಬಂತು. ಹಕಾರ ಜಾರಬಾರದೆಂದು ಹಂಸ ಹೊಟ್ಟೆಯಿಂದ ಗಾಳಿ ಎಳೆದು ಕೂಗಿದಳು: “ಹಾನಂದ್!”

ಒಬ್ಬ ಯುವಕ ಅನುಮಾನದಿಂದ ಎದ್ದ. “ನಾನು ಆನಂದ್ ಮೇಡಂ. ನನ್ ಹೆಸ್ರಿಗ್ಯಾಕೆ ಪಂಪ್ ಹೊಡೆದ್ರಿ?”

ಸಡಿಲವಾದ ಹಲ್ಲಿನ ಸೆಟ್ಟು ಸರಿಮಾಡಿಸಲು ಬಂದಿದ್ದ ನಿವೃತ್ತ ಮೇಷ್ಟ್ರು ಚಿನ್ನಪ್ಪನವರು ಪಾಠ ಮಾಡಿ ಎಷ್ಟೋ ಕಾಲವಾಗಿತ್ತು. “ನೋಡಮ್ಮ, ‘ತಿದ್ದು’ ಕ್ರಿಯಾಪದ. ತಪ್ಪಿದ್ರೆ ತಿದ್ದಬೇಕು. ಸರಿ ಇರೋದನ್ನೂ ತಿದ್ದಿದ್ರೆ ಅದು ‘ಅತಿತಿದ್ದು’. ಬಳಕೆ: ಅವಳು ಹುಬ್ಬನ್ನು ಅತಿತಿದ್ದಿದಳು, ಈಗ ಹುಬ್ಬೇ ಇಲ್ಲ.”

ಎದುರಿಗಿದ್ದ ಹೆಂಗಸಿನ ಕೆನ್ನೆ ಊದಿತ್ತು, ಹುಬ್ಬು ದಾರದಷ್ಟಿತ್ತು. “ಮೇಷ್ಟ್ರೇ, ಯಾರಿಗ್ರೀ ಹೇಳ್ತಿರೋದು?” ಎಂದು ಗುರಾಯಿಸಿದರು.

ಮುಂದಿನ ಕಾರ್ಡು ‘ಉಮಾ’. ಇದಕ್ಕೆ ಹ ಇದೆಯೋ, ಇಲ್ಲವೋ? ಅಕ್ಷರ ಎದುರಿಗಿದ್ದರೂ ಹಂಸಳಿಗೆ ಕಣ್ಣಿನ ಮೇಲೆಯೇ ನಂಬಿಕೆ ಹೋಗಿತ್ತು. “ಹುಮಾ!”

ಮೂಲೆಯಲ್ಲಿದ್ದ ಹುಡುಗಿಯೊಬ್ಬಳು ತಟ್ಟನೆ ಎದ್ದು ಒಳಗೆ ಹೋದಳು. ಸದ್ಯ, ಸರಿಯಾಗಿ ಕೂಗಿದೆ ಎಂದುಕೊಂಡಳು ಹಂಸ.

ಸ್ವಲ್ಪ ಹೊತ್ತಿಗೆ ಊದಿದ ಕೆನ್ನೆಯವರು ಎದ್ದು ಬಂದರು. “ಉಮಾ ಅಂತ ಯಾವಾಗ್ರೀ ಕೂಗ್ತೀರ? ದವಡೆ ಹಲ್ಲು ಕೀಳಿಸ್ಬೇಕು, ಪ್ರಾಣ ಹೋಗ್ತಿದೆ!”

“ಅಯ್ಯೋ, ಮತ್ತೆ ಒಳಗಿರೋರು?”

“ಆ ಮಗು ಹುಮಾ,” ಎಂದರು ಮೇಷ್ಟ್ರು. “ಆಗ್ಲೇ ಮಾತಾಡ್ಸಿದ್ದೆ, ಬರೀ ಹಲ್ಲು ಕ್ಲೀನ್ ಮಾಡ್ಸೋಕೆ ಬಂದಿರೋದು.”

ಒಳಗಿನಿಂದ ಕಿರುಚಾಟ ಕೇಳಿಸಿತು. ಬಾಗಿಲು ಧಡಾರನೆ ತೆರೆಯಿತು. ಹುಮಾ ಮರಗಟ್ಟಿದ ಕೆನ್ನೆ ಹಿಡಿದು ಹೊರಬಂದಳು. ಹಲ್ಲುಗಳೆಲ್ಲ ಅಲ್ಲಲ್ಲೇ ಇದ್ದವು.

“ಡಾಕ್ಟ್ರು ‘ಉಮಾನಾ?’ ಅಂದ್ರು,” ಎಂದು ತೊದಲಿದಳು. “ಈ ಕಡೆ ಎಲ್ರೂ ನನ್ನ ಹಾಗೇ ಕರೀತಾರಲ್ಲ, ಹೂಂ ಅಂದೆ. ಇಂಜೆಕ್ಷನ್ ಕೊಟ್ಟೇಬಿಟ್ರು! ಇಕ್ಕಳ ನೋಡಿ ಕಿರುಚ್ಕೊಂಡೆ.”

ಹಿಂದೆಯೇ ಡಾಕ್ಟರ್ ಜಗದೀಶ್ ಬಂದರು. ಬೆಳಗಿನಿಂದ ಮಾಸ್ಕಿನೊಳಗೇ ಇಂಗ್ಲಿಷಿನಲ್ಲಿ ಗೊಣಗುತ್ತಿದ್ದವರು ಈಗ ಮಾಸ್ಕು ಕಿತ್ತು ಕೂಗಿದರು: “ಅಲ್ಲು ತೊಳ್ಸೋಕೆ ಬಂದೋರ್ ಅಲ್ಲು ಕೀಳೋಕೆ ಓಗಿದ್ನಲ್ಲಮ್ಮಾ!”

ತಿದ್ದಲು ಬಾಯಿ ತೆರೆದ ಮೇಷ್ಟ್ರ ಹಲ್ಲಿನ ಸೆಟ್ಟು ಮಡಿಲಿಗೆ ಬಿತ್ತು.

ಡಾಕ್ಟರು ಕೆಂಪಾಗಿ ಹಂಸಳನ್ನು ಪಕ್ಕಕ್ಕೆ ಕರೆದರು. “ನನ್ ಬಾಯಿಗೆ ಅದು ಬರಲ್ಲ ಕಣಮ್ಮ. ಅದಕ್ಕೇ ಎಸ್ರು ಕೂಗೋಕೆ ಕನ್ನಡ ಬಿ.ಎ. ಮಾಡಿರೋರೇ ಬೇಕು ಅಂದಿದ್ದು. ನಿನ್ ಕೆಲ್ಸ ಎಲ್ಲೂ ಓಗಲ್ಲ. ನಾಳೆಯಿಂದ ಬೇಗ ಬಂದು ನನ್ನೂ ವಸಿ ತಿದ್ದು.”

ಹಂಸ ಬೆಳಗಿನಿಂದ ಹಿಡಿದಿದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟಳು.

“ಡಾಕ್ಟ್ರೇ, ನಂಗೂ ಅಕಾರ ಬರಲ್ಲ.”