ಅಪ್ರಾಪ್ತ ವಯಸ್ಕೆ ಓಬಳಮ್ಮನ ಅರವತ್ತೊಂದು ಕುರಿಗಳು

ಗುಮ್ಮಘಟ್ಟ ಮಂಡಲದ ಕುರಿಗಾರ್ತಿ ಓಬಳಮ್ಮನಿಗೆ ಒಂದು ವರ್ಷ ವಯಸ್ಸು ಎಂಬುದು ಕುರಿ ಲಸಿಕೆ ನೋಂದಣಿ ಕಚೇರಿಯ ದಾಖಲೆಗಳಿಂದ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಿದೆ. ಆಕೆಗೆ ಏಳು ಮೊಮ್ಮಕ್ಕಳಿರುವುದು ಆಕೆಯ ಸ್ವಂತ ವಿಚಾರ. ಕಚೇರಿ ಅದರಲ್ಲಿ ತಲೆ ಹಾಕುವುದಿಲ್ಲ.

ನಡೆದದ್ದು ಇಷ್ಟು. ಓಬಳಮ್ಮನ ಊರಿನ ಕುರಿಗಾರರು ಹಿಂಡಿನ ಪೂರ್ತಿ ಲೆಕ್ಕವನ್ನು ಒಂದೇ ಉಸಿರಿಗೆ ಹೇಳುವುದಿಲ್ಲ, ದೃಷ್ಟಿ ತಾಗುತ್ತದೆ. ಅರವತ್ತೊಂದು ಕುರಿ ಇದ್ದರೆ ‘ಅರವತ್ತು, ದೇವರದೊಂದು’ ಎನ್ನುತ್ತಾರೆ. ಓಬಳಮ್ಮನೂ ಹಾಗೇ ಹೇಳಿದಳು. ಕಂಪ್ಯೂಟರ್ ಆಪರೇಟರ್ ನವೀನ್, ಯಾರ ನಂಬಿಕೆಗೂ ಧಕ್ಕೆಯಾಗಬಾರದೆಂದು, ಅರವತ್ತು, ಕಾಮಾ, ಒಂದು ಎಂದೇ ಟೈಪ್ ಮಾಡಿದ.

ಕಚೇರಿಯ ಫೈಲಿನಲ್ಲಿ ಒಬ್ಬೊಬ್ಬ ಯಜಮಾನರಿಗೆ ಒಂದೊಂದು ಸಾಲು, ಸಾಲಿಗೆ ಕಾಮಾ ಹಾಕಿ ಬೇರ್ಪಡಿಸಿದ ನಾಲ್ಕು ಕಾಲಮು: ಹೆಸರು, ಕುರಿ ಸಂಖ್ಯೆ, ಯಜಮಾನರ ವಯಸ್ಸು, ಕುರಿಗಳ ವಯಸ್ಸು. ಇದನ್ನು ಓದುವುದು ಪರ್ಲ್ ಭಾಷೆಯಲ್ಲಿ ಬರೆದ ಒಂದು ಪ್ರೋಗ್ರಾಂ. ಅದಕ್ಕೆಂದೇ ಯಾರೋ ಬರೆದಿಟ್ಟ ಸಿದ್ಧ ಕೋಡು, ಅಂದರೆ ‘ಲೈಬ್ರರಿ’ಯ ನೆರವಿನಿಂದ ಅದು ಕಾಮಾ ಕಂಡಲ್ಲೆಲ್ಲ ಸಾಲನ್ನು ಕತ್ತರಿಸಿ ತುಂಡುಗಳನ್ನು ವರಸೆಯಾಗಿ ಹಂಚುತ್ತದೆ. ಐದನೆಯ ತುಂಡು ಮಿಕ್ಕರೆ ಬಿಸಾಡುತ್ತದೆ. ಹೀಗಾಗಿ ದೇವರದೊಂದು ಓಬಳಮ್ಮನ ವಯಸ್ಸಾಯಿತು. ಆಕೆಯ ವಯಸ್ಸು ಐವತ್ತೆಂಟು ಮುಂದೆ ಸರಿದು ಕುರಿಗಳ ವಯಸ್ಸಾಯಿತು. ಕುರಿಗಳ ನಿಜವಾದ ಎರಡು ವರ್ಷ ಕಸಕ್ಕೆ ಹೋಯಿತು.

ಪಕ್ಕದ ಊರಿನಲ್ಲಿ ನೀಲಿ ನಾಲಿಗೆ ರೋಗಕ್ಕೆ ಒಂದೇ ವಾರದಲ್ಲಿ ಹನ್ನೊಂದು ಕುರಿ ಸತ್ತಿದ್ದವು. ಓಬಳಮ್ಮ ಜೀವ ಕೈಯಲ್ಲಿ ಹಿಡಿದುಕೊಂಡು, ಲಸಿಕೆಯ ದಿನ ಹಿಂಡನ್ನು ಕಚೇರಿಯ ಅಂಗಳಕ್ಕೇ ಹೊಡೆದುಕೊಂಡು ಬಂದಳು. ಪೆಟ್ಟಿಗೆಯಲ್ಲಿ ಲಸಿಕೆ ಇತ್ತು, ಐಸು ಸಂಜೆಯವರೆಗಷ್ಟೇ. ಅಧಿಕಾರಿ ಶಿವರಾಮ ಪರದೆಯನ್ನು ನೋಡಿದರು.

“ಆಗಂಗಿಲ್ಲಮ್ಮ. ನೀವು ಮೈನರ್ ಅದೀರಿ. ಗಾರ್ಡಿಯನ್ ಸಹಿ ಬೇಕು.”

“ನಾನ್ಯಾಕ ಮೈನರ್ರಿ ಸಾರ್? ನನ್ನ ತಲಿ ನೋಡ್ರಿ, ಬೆಳ್ಳಗ ಹತ್ತಿ ಆಗೇತಿ!”

“ತಲಿಕೂದಲಕ್ಕ ಕಾಲಮಿಲ್ಲಮ್ಮ.”

ಆಕೆಯ ಮಗ ಜುಂಜಣ್ಣ ಮುಂದೆ ಬಂದ. “ನಾ ಹಾಕ್ತೀನ್ರಿ ಸಹಿ. ಮಗ ಅದೀನಿ.”

“ಒಂದು ವರ್ಷದ ಕೂಸಿಗೆ ಮಗ ಹೆಂಗಿರ್ತಾನಪ್ಪ? ಮ್ಯಾಲ ನಿನಗೂ ಒಂದೇ ವರ್ಷ.”

ಜುಂಜಣ್ಣನಿಗೂ ಬೇರೆ ಹಿಂಡಿತ್ತು, ಅದರಲ್ಲೂ ದೇವರದೊಂದಿತ್ತು. ಫೈಲಿನ ಪ್ರಕಾರ ಊರಿನ ಕುರಿಗಾರರೆಲ್ಲ ಒಂದೇ ವಾರಿಗೆಯವರು.

ನವೀನ್‌ಗೆ ನಾಚಿಕೆಯಾಯಿತು. “ಸಾರ್, ಆ ನಂಬರಿನ ಆ ಕಡಿಗೊಂದು ಈ ಕಡಿಗೊಂದು ಕೊಟೇಶನ್ ಮಾರ್ಕ್ ಹಾಕಿದ್ರ ಸಾಕ್ರಿ. ಒಳಗಿನ ಕಾಮಾ ಲೈಬ್ರರಿ ಮುಟ್ಟಂಗಿಲ್ಲ. ಒಂದು ನಿಮಿಷದ ಕೆಲಸ.”

ಶಿವರಾಮ ಸುತ್ತೋಲೆ ತೆಗೆದು ಓದಿದರು: ‘ದತ್ತಾಂಶ ಕಡತಕ್ಕೆ ಯಾವುದೇ ಚಿಹ್ನೆಯನ್ನು ಸೇರಿಸಲು ಚಿಹ್ನಾ ಪರಿಶೀಲನಾ ಸಮಿತಿಯ ಪೂರ್ವಾನುಮತಿ ಕಡ್ಡಾಯ. ಸದರಿ ಸಮಿತಿಯ ರಚನೆಯು ಪರಿಶೀಲನೆಯಲ್ಲಿದೆ.’

ಶಿವರಾಮ ಕೆಟ್ಟವರಲ್ಲ. ಅಂಗಳದಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದ ಕುರಿಗಳನ್ನು ಕಂಡು ನಿಯಮದೊಳಗೇ ದಾರಿ ಹುಡುಕಿದರು.

“ಹದಿನೆಂಟು ದಾಟಿದವರು ಆಕಿ ಕಡಿಯವರು ಯಾರರ ಅದಾರೇನು ನೋಡಪ್ಪ.”

“ಕುರಿ ಅದಾವ್ರಿ ಸಾರ್,” ಎಂದ ನವೀನ್. “ಐವತ್ತೆಂಟು.”

“ಹಿರೇರು,” ಎಂದರು ಶಿವರಾಮ, ಸಮಾಧಾನದಿಂದ. “ಒಬ್ಬರನ್ನ ಒಳಗ ಕರೀರಿ.”

ಒಂದು ಕುರಿಯನ್ನು ಒಳಗೆ ತಂದರು. ಅರ್ಜಿಯನ್ನು ಅದಕ್ಕೆ ಓದಿ ಹೇಳಲಾಯಿತು. ಅದು ‘ಬ್ಯಾ’ ಎಂದಿತು, ಸಮ್ಮತಿ ಎಂದು ದಾಖಲಿಸಲಾಯಿತು. ಇಂಕಿನ ಪ್ಯಾಡಿಗೆ ಒತ್ತಿದ ಗೊರಸಿನ ಗುರುತು ಪಾಲಕರ ಸಹಿಯ ಜಾಗದಲ್ಲಿ ಸ್ಪಷ್ಟವಾಗಿ ಮೂಡಿತು. ಕಚೇರಿಯ ಎಷ್ಟೋ ಸಹಿಗಳು ಅಷ್ಟು ಸ್ಪಷ್ಟವಾಗಿರುವುದಿಲ್ಲ. ಗೊರಸಿಗೆ ಸಮಿತಿಯ ಅನುಮತಿ ಬೇಕಿರಲಿಲ್ಲ.

ಐಸು ಕರಗುವಷ್ಟರಲ್ಲಿ ಅರವತ್ತೊಂದಕ್ಕೂ ಸೂಜಿ ಬಿತ್ತು. ಓಬಳಮ್ಮನ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೇ ಬಂದದ್ದು. ಹೊರಗೆ ಜುಂಜಣ್ಣ ತನ್ನ ಹಿಂಡಿನಲ್ಲಿ ಗಂಭೀರವಾಗಿ ಕಂಡದ್ದೊಂದನ್ನು ಆರಿಸಿ ಅದರ ಕಾಲು ತೊಳೆಯುತ್ತಿದ್ದ.

ಅಪ್ರಾಪ್ತ ವಯಸ್ಕರನ್ನು ಪಾಲಕರ ವಶಕ್ಕೇ ಒಪ್ಪಿಸಬೇಕೆಂಬುದು ಇನ್ನೊಂದು ನಿಯಮ. ಶಿವರಾಮ ಓಬಳಮ್ಮನ ಕೈ ಹಿಡಿದು ಸಹಿ ಹಾಕಿದ ಕುರಿಯ ಬಳಿ ನಿಲ್ಲಿಸಿ, ರಸೀದಿಯನ್ನು ಅದರ ಕೊರಳಿಗೆ ಕಟ್ಟಿದರು.

ಓಬಳಮ್ಮ ಬಗ್ಗಿ ಅದರ ನೆತ್ತಿ ಸವರಿದಳು.

“ನಡಿಯವ್ವ,” ಎಂದಳು. “ನನ್ನ ಮನಿಗೆ ಕರಕೊಂಡು ಹೋಗು.”